ಹಲಗೆಯ ಮೂರನೇ ಸಾಲು

ಹೊನ್ನಾವರದಲ್ಲಿ ನಮ್ಮ ಮೀನುಗಾರರ ಸಹಕಾರ ಸಂಘದ ಕಚೇರಿಯ ಹೊರಗೋಡೆಗೆ ಒಂದು ಕರಿಹಲಗೆ ಇತ್ತು. ಮೊದಲ ಸಾಲಿನಲ್ಲಿ ಆ ದಿನ ಕಡಲಿನ ಭರತ, ಇಳಿತದ ಹೊತ್ತು. ಎರಡನೆಯದರಲ್ಲಿ ಹವಾಮಾನದ ಸೂಚನೆ. ಎರಡು ಸಾವಿರದ ಆರರ ಮಾರ್ಚ್ ತಿಂಗಳಲ್ಲಿ ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನಾನು ಯಾರನ್ನೂ ಕೇಳದೆ ಮೂರನೆಯ ಸಾಲೊಂದನ್ನು ಸೇರಿಸಿದೆ: ‘ಸರ್ವರ್ ನಿಲ್ಲದೆ ನಡೆದ ದಿನಗಳು.’ ಬೆಳಿಗ್ಗೆ ಬಂದ ಕೂಡಲೇ ಹಿಂದಿನ ದಿನದ ಅಂಕಿ ಒರೆಸಿ ಒಂದು ಹೆಚ್ಚಿಸಿ ಬರೆಯುವುದು ನನ್ನ ಮೊದಲ ಕೆಲಸವಾಗಿತ್ತು. ಭರತ ನೋಡಲು ಬಂದ ಬೋಟಿನವರು ಅದನ್ನೂ ಓದುತ್ತಿದ್ದರು. “ನೂರಾ ಹದಿನಾಲ್ಕಾ? ನಮ್ಮ ಇಂಜಿನ್ ನಾಕು ದಿನ ಸಮಾ ನಡೂದಿಲ್ಲ ಮಾರಾಯಾ” ಎಂದು ಒಬ್ಬರು ಅಂದದ್ದನ್ನು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಈಗ ಆ ಪುಟ ತೆರೆದರೆ ಮುಖ ಬಿಸಿಯಾಗುತ್ತದೆ.

ಸರ್ವರ್ ಎಂದರೆ ಒಳಕೋಣೆಯಲ್ಲಿ ಮೇಜಿನ ಕೆಳಗಿಟ್ಟಿದ್ದ ಒಂದು ಹಳೆಯ ಕಂಪ್ಯೂಟರ್. ಪತ್ರಿಕೆಯೊಂದರ ಜೊತೆ ಬಂದ ಸಿಡಿಯಿಂದ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿದವನು ನಾನೇ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಕಡೆಯ ಬೋಟುಗಳ ಲೆಕ್ಕ ಅದರಲ್ಲಿತ್ತು. ತೆರಿಗೆ ಇಲ್ಲದ ಡೀಸೆಲ್ ಯಾವ ಬೋಟಿಗೆ ತಿಂಗಳಿಗೆ ಎಷ್ಟು ಸಿಗಬೇಕು, ಎಷ್ಟು ಕೊಟ್ಟಾಗಿದೆ ಎಂಬುದನ್ನು ಅದು ನೋಡಿ ಹೇಳಬೇಕು. ಆಮೇಲೆ ಶಾಖೆಯ ಪ್ರಿಂಟರಿನಲ್ಲಿ ಚೀಟಿ ಬರಬೇಕು. ಚೀಟಿ ತೋರಿಸಿದರೆ ಮಾತ್ರ ಬಂಕಿನಲ್ಲಿ ಡೀಸೆಲ್. ಆ ವರ್ಷ ಹೊನ್ನಾವರದ ಕಚೇರಿಗೆ ಬ್ರಾಡ್‌ಬ್ಯಾಂಡ್ ಬಂದಿತ್ತು. ಶಾಖೆಯವರು ಟೆಲಿಫೋನಿನಿಂದ ಇಂಟರ್ನೆಟ್‌ಗೆ ಹೋಗಿ, ಅಲ್ಲಿಂದ ನಮ್ಮ ಸರ್ವರಿಗೆ ಲಾಗಿನ್ ಆಗುತ್ತಿದ್ದರು. ನಮ್ಮ ಬಾಗಿಲು ಇಡೀ ಜಗತ್ತಿಗೆ ಹಗಲೂ ರಾತ್ರಿಯೂ ಕಾಣುವಂತಾಯಿತು ಎಂಬ ಅಂಶ ನನಗೆ ಪುಸ್ತಕದಲ್ಲಿ ಓದಿ ಗೊತ್ತಿತ್ತು. ಆದರೆ ಹೊನ್ನಾವರದ ಡೀಸೆಲ್ ಚೀಟಿ ಯಾರಿಗೆ ಬೇಕು ಎಂದುಕೊಂಡಿದ್ದೆ.

ತರಬೇತಿಯ ದಿನ ಎಲ್ಲರಿಗೂ ಲಾಗಿನ್ ಮಾಡಿಕೊಟ್ಟೆ. ಹೆಸರೇ ಲಾಗಿನ್, ಅದೇ ಹೆಸರೇ ಪಾಸ್‌ವರ್ಡ್. “ಸ್ವಂತ ಹೆಸರು ಮರೆತರೆ ಮಾತ್ರ ನನಗೆ ಫೋನ್ ಮಾಡಿ” ಎಂದು ನಾನೇ ಹೇಳಿ ನಗಿಸಿದ್ದೆ. ಮುಂದೆ ಬದಲಿಸಿಕೊಳ್ಳಿ ಎಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಬದಲಿಸುವುದು ಹೇಗೆಂದು ತೋರಿಸಲಿಲ್ಲ ಎಂಬುದು ಮಾತ್ರ ಖಂಡಿತ.

ಈ ಬರಹದಲ್ಲಿ ಯಾರ ಹೆಸರನ್ನೂ ಹೇಳಬಾರದೆಂದಿದ್ದೆ. ಒಂದೆರಡನ್ನು ಹೇಳದೆ ಆಗುವುದಿಲ್ಲ. ಭಟ್ಕಳ ಶಾಖೆ ತೆಂಗಿನಗುಂಡಿಯ ಬಂದರಿನಲ್ಲಿತ್ತು. ಅಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದವಳು ಹತ್ತಿರದ ಬೆಳಕೆ ಊರಿನ ಒಬ್ಬ ಹುಡುಗಿ, ಹೆಸರು ಅನಿತಾ. ಅಪ್ಪ ಬೋಟಿನಲ್ಲಿ ದುಡಿಯುತ್ತಿದ್ದರು, ತಾಯಿ ಮೀನು ಮಾರುತ್ತಿದ್ದರು. ನನ್ನಷ್ಟೇ ವಯಸ್ಸಿರಬೇಕು. ನಾನು ಅವಳನ್ನು ನೀನು ಎನ್ನುತ್ತಿದ್ದೆ, ಅವಳು ನನ್ನನ್ನು ಸರ್ ಎನ್ನುತ್ತಿದ್ದಳು.

ಜುಲೈ ಮಧ್ಯದಲ್ಲಿ ಅವಳ ಫೋನ್ ಬಂತು. ಮಳೆಗಾಲದ ಮೀನುಗಾರಿಕೆ ನಿಷೇಧ ಇನ್ನೂ ಮುಗಿದಿರಲಿಲ್ಲ, ಬೋಟುಗಳೆಲ್ಲ ದಡದಲ್ಲಿದ್ದವು. ಹೊಸ ಹಂಗಾಮಿನ ಲೆಕ್ಕ ಸೇರಿಸಿ ಚೀಟಿಗಳನ್ನು ಮುಂಚೆಯೇ ಸಿದ್ಧಪಡಿಸುವ ಕೆಲಸ ನಡೆದಿತ್ತು.

“ಸರ್, ಒಂದು ಬೋಟಿನ ಹೆಸರು ಹೊಡ್ದು ಚಾ ಕುಡ್ಕಂಡು ಬಂದೆ. ಇನ್ನೂ ಬರ್ಲಿಲ್ಲ.”

“ಲೈನ್ ನಿಧಾನ ಇರಬೇಕು.”

“ಲೈನ್ ಅಲ್ಲ ಸರ್. ಅಕ್ಷರ ಹೊಡ್ದ್ರೆ ಅಲ್ಲೇ ನಿಂತ್ಕಳ್ತದೆ.”

ಡೈರಿಯಲ್ಲಿ ನಾನು ದೂರುಗಳಿಗೆಂದು ಮೂರು ಅಂಕಣ ಮಾಡಿದ್ದೆ, ಒಂದೊಂದು ಊರಿಗೆ ಒಂದೊಂದು. ಭಟ್ಕಳದ ಅಂಕಣದಲ್ಲಿ ಒಂದು ಗೀಟು ಹಾಕಿದೆ. ಮರುದಿನ ಎರಡು. ವಾರ ಮುಗಿಯುವಾಗ ಆ ಅಂಕಣ ಗೀಟುಗಳಿಂದ ತುಂಬಿತ್ತು. ಹೊನ್ನಾವರದಲ್ಲಿ ಎರಡು, ಕುಮಟಾದಲ್ಲಿ ಸೊನ್ನೆ. ಹಾಗಾದರೆ ತೊಂದರೆ ಭಟ್ಕಳದ್ದು ಎಂದು ಬರೆದು ಕೆಳಗೆ ಗೆರೆ ಎಳೆದೆ.

ಆದರೂ ಕ್ರಮವಾಗಿ ನೋಡಿದೆ. ಡಿಸ್ಕಿನಲ್ಲಿ ಜಾಗ ಇತ್ತು. ಹಳೆಯ ಲಾಗ್ ಕಡತಗಳನ್ನು ಅಳಿಸಿದೆ. ಮೆಮೊರಿ ಸಾಲದೆ ಡಿಸ್ಕನ್ನೇ ಮೆಮೊರಿಯಂತೆ ಬಳಸುತ್ತಿದೆಯೋ ಎಂದು ನೋಡಿದೆ, ಸ್ವಲ್ಪ ಬಳಸುತ್ತಿತ್ತು. ಬೇಡದ ಸೇವೆಗಳನ್ನು ನಿಲ್ಲಿಸಿದೆ. ಬೋಟುಗಳ ಪಟ್ಟಿಯ ಇಂಡೆಕ್ಸ್ ಹೊಸದಾಗಿ ಕಟ್ಟಿದೆ. ಅರ್ಧ ದಿನ ಚುರುಕಾಯಿತು, ಮತ್ತೆ ಹಾಗೆಯೇ. ಒಮ್ಮೆ ಆರಿಸಿ ಹಚ್ಚಿ ನೋಡಿದ್ದರೆ ಇನ್ನಷ್ಟು ತಿಳಿಯುತ್ತಿತ್ತೋ ಏನೋ. ಆದರೆ ಹಲಗೆಯ ಅಂಕಿ ನೂರಾ ಮೂವತ್ತು ದಾಟಿತ್ತು. ಅದನ್ನು ಸೊನ್ನೆ ಮಾಡಲು ನನಗೆ ಮನಸ್ಸು ಬರಲಿಲ್ಲ.

ಯಾವ ಕೆಲಸ ಎಷ್ಟು ಶಕ್ತಿ ತಿನ್ನುತ್ತಿದೆ ಎಂದು ತೋರಿಸುವ ಒಂದು ಆಜ್ಞೆ ಲಿನಕ್ಸಿನಲ್ಲಿ ಇದೆ. ಅದನ್ನು ಓಡಿಸಿಟ್ಟು ಕಾದು ಕುಳಿತೆ. ಮಧ್ಯಾಹ್ನ ಸಿಕ್ಕಿತು: ಹೆಸರು ತಿಳಿಯದ ಒಂದು ಪ್ರೋಗ್ರಾಮ್, ಒಂದಲ್ಲ ಆರು ಪ್ರತಿ, ಪ್ರೊಸೆಸರ್ ಪೂರ್ತಿ ಅವುಗಳದ್ದೇ. ಮಾಲೀಕರ ಅಂಕಣದಲ್ಲಿ ಎಲ್ಲದರ ಎದುರೂ ಅನಿತಾ.

ಫೋನ್ ಮಾಡಿದೆ. “ನೀನು ಎಂತ ಓಡಿಸ್ತಾ ಇದ್ದೆ?”

“ನಿಮ್ಮ ಮಿಶಿನ್ನೇ ಓಡೂದಿಲ್ಲ ಸರ್, ನಾನು ಎಂತ ಓಡ್ಸೂದು?”

ಪಕ್ಕದಲ್ಲಿದ್ದ ಯಾರೋ ನಕ್ಕದ್ದು ಕೇಳಿತು. ನನಗೆ ಸಿಟ್ಟು ಬಂತು. ಆ ಸಿಟ್ಟೂ ಲೆಕ್ಕಕ್ಕೆ ಸೇರಿತು ಎಂದು ಈಗ ಅನಿಸುತ್ತದೆ.

ಯಾರು ಯಾವಾಗ ಲಾಗಿನ್ ಆದರು ಎಂಬ ವರದಿಯನ್ನು ನಾನು ದಿನಾ ಮುದ್ರಿಸಿ ಫೈಲಿಗೆ ಹಾಕುತ್ತಿದ್ದೆ. ಆ ವರದಿಗೆಂದು ಒಂದು ಪುಟ್ಟ ಸ್ಕ್ರಿಪ್ಟ್, ಎಂದರೆ ಆಜ್ಞೆಗಳ ಪಟ್ಟಿ, ಬರೆದಿದ್ದೆ. ಮೂಲ ಪಟ್ಟಿ ಅಗಲವಾಗಿ, ನಮ್ಮ ಪ್ರಿಂಟರಿನಲ್ಲಿ ಸಾಲು ಮುರಿಯುತ್ತಿತ್ತು. ಹಾಗಾಗಿ ನನ್ನ ಸ್ಕ್ರಿಪ್ಟ್ ಹೆಸರು, ದಿನ, ಹೊತ್ತು ಇಷ್ಟನ್ನು ಮಾತ್ರ ಉಳಿಸಿ ಉಳಿದದ್ದನ್ನು ಕತ್ತರಿಸುತ್ತಿತ್ತು. ಪುಟ ಅಂದವಾಗಿ ಬರುತ್ತಿತ್ತು. ಆ ಅಂದದ ಪುಟಗಳನ್ನು ತೆಗೆದು ನೋಡಿದರೆ ಅನಿತಾ ಬೆಳಗಿನ ಜಾವ ಲಾಗಿನ್ ಆಗಿದ್ದಳು, ಭಾನುವಾರ ಆಗಿದ್ದಳು, ಶಾಖೆಗೆ ಬೀಗ ಹಾಕಿದ ಮೇಲೆ ಆಗಿದ್ದಳು. ಪಾಸ್‌ವರ್ಡ್ ಯಾರಿಗೋ ಕೊಟ್ಟಿದ್ದಾಳೆ, ಪೇಟೆಯ ಯಾವುದೋ ಸೈಬರ್ ಕೆಫೆಯಲ್ಲಿ ಕುಳಿತು ಆಟವಾಡುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಎರಡು ಪುಟದ ಟಿಪ್ಪಣಿ ಬರೆದು ಸಂಘದ ಕಾರ್ಯದರ್ಶಿಗೆ ಕೊಟ್ಟೆ.

ಕಾರ್ಯದರ್ಶಿ ಹಿರಿಯರು. ಕಂಪ್ಯೂಟರ್ ಬೇಡವೆಂದವರ ಎದುರು ನನ್ನ ಪರ ಮಾತಾಡಿದ್ದವರು. “ತಮಾ, ಇದು ಖಾತ್ರಿಯಾ?” ಎಂದು ಒಮ್ಮೆ ಕೇಳಿದರು.

“ಖಾತ್ರಿ” ಎಂದೆ.

ಮರುದಿನ ಇಬ್ಬರೂ ಜೀಪಿನಲ್ಲಿ ತೆಂಗಿನಗುಂಡಿಗೆ ಹೋದೆವು. ಅಲ್ಲಿ ಶಾಖೆಯ ಮಾಡಿನ ಮೇಲೆ ಒಂದು ಧ್ವನಿವರ್ಧಕ ಇದೆ. ಗಾಳಿಯ ಎಚ್ಚರಿಕೆ, ಡೀಸೆಲ್ ಬಂದ ಸುದ್ದಿ, ಯಾರದೋ ಬಲೆ ಎಲ್ಲೋ ಸಿಕ್ಕಿದ್ದು, ಎಲ್ಲವನ್ನೂ ಅದರಲ್ಲೇ ಹೇಳುವ ರೂಢಿ. ಮೈಕಿನಲ್ಲಿ ಬಂದದ್ದು ಬಂದರಿನಲ್ಲಿ ಸತ್ಯ. ಕಾರ್ಯದರ್ಶಿ ಅನಿತಾಳಿಗೆ ವಿಷಯ ಹೇಳಿದರು. ಅವಳು ನನ್ನ ಕೈಯಲ್ಲಿದ್ದ ಪುಟ ಇಸಿದುಕೊಂಡು ಓದಿದಳು.

“ಈ ಮಂಗಳವಾರ ನಾನು ಎಲ್ಲಿಂದ ಲಾಗಿನ್ ಆಗೂದು ಸರ್? ಕಂಬ ಬಿದ್ದು ಇಡೀ ದಿನ ನಮ್ಮಲ್ಲಿ ಫೋನೇ ಇರ್ಲಿಲ್ಲ. ಕೇಳಿ ಬೇಕಾರೆ.”

“ಅದಕ್ಕೇ ಹೇಳಿದ್ದು, ಬೇರೆ ಕಡೆಯಿಂದ ಆಗಿದೆ” ಎಂದೆ ನಾನು. ನನ್ನ ಮಾತು ನನಗೇ ಬಹಳ ಜಾಣತನದ್ದೆನಿಸಿತು.

ಕಾರ್ಯದರ್ಶಿ ಮೈಕ್ ಹಚ್ಚಿದರು. ಭಟ್ಕಳ ಶಾಖೆಯ ಕಂಪ್ಯೂಟರ್ ಕೆಲಸಕ್ಕಿದ್ದ ಅನಿತಾ ಇವರನ್ನು ತೆಗೆಯಲಾಗಿದೆ, ಚೀಟಿಯ ವಿಷಯ ಇನ್ನು ಹೊನ್ನಾವರಕ್ಕೆ ಕೇಳಬೇಕು ಎಂದರು. ಅವಳು ಕೊಡೆ ಹಿಡಿದು ಬಾಗಿಲಲ್ಲಿ ನಿಂತೇ ಕೇಳಿದಳು. ಅವಳ ಹೆಸರು ಒಳಗೊಮ್ಮೆ, ಮಾಡಿನ ಮೇಲೊಮ್ಮೆ ಕೇಳಿಸಿತು. ನಾನು ಮೈಕಿನ ಪಕ್ಕದಲ್ಲಿ ಆ ಪುಟಗಳನ್ನು ಹಿಡಿದುಕೊಂಡು ನಿಂತಿದ್ದೆ.

ಅವಳ ಲಾಗಿನ್ ಮುಚ್ಚಿದೆ; ಆ ಆರು ಪ್ರೋಗ್ರಾಮ್‌ಗಳನ್ನು ನಿಲ್ಲಿಸಿದೆ. ಸರ್ವರ್ ಚುರುಕಾಯಿತು. ಎರಡು ದಿನ ದೂರಿಲ್ಲ. ‘ಪರಿಹಾರವಾಗಿದೆ’ ಎಂದು ಡೈರಿಯಲ್ಲಿ ಬರೆದೆ.

ಮೂರನೆಯ ದಿನ ಹೊನ್ನಾವರದಲ್ಲೇ ಚೀಟಿ ನಿಂತಿತು. ಅದೇ ಆಜ್ಞೆ ಓಡಿಸಿದೆ. ಈ ಸಲ ಏನೂ ಕಾಣಲಿಲ್ಲ. ಪಟ್ಟಿಯ ಪ್ರಕಾರ ಯಾವ ಪ್ರೋಗ್ರಾಮ್ ಕೂಡ ಏನೂ ತಿನ್ನುತ್ತಿರಲಿಲ್ಲ, ಆದರೆ ಒಟ್ಟು ಹೊರೆ ಮಾತ್ರ ಮೊದಲಿಗಿಂತ ಹೆಚ್ಚು. ಮನೆಯಲ್ಲಿ ಎಲ್ಲರೂ ಉಪವಾಸ ಅಂತಾರೆ, ಅನ್ನದ ಪಾತ್ರೆ ಖಾಲಿ. ಹಾರ್ಡ್ ಡಿಸ್ಕ್ ಕೆಟ್ಟಿರಬೇಕೆಂದು ಎರಡು ದಿನ ಅದರ ಹಿಂದೆ ಬಿದ್ದೆ. ಕೇಬಲ್ ಬದಲಿಸುವುದಕ್ಕೂ ಆರಿಸಬೇಕಲ್ಲ ಎಂದು ಬದಲಿಸಲಿಲ್ಲ.

ಕುಮಟಾದಿಂದ ಒಂದೂ ದೂರು ಇಲ್ಲದಿರುವುದು ಆಗ ವಿಚಿತ್ರವೆನಿಸಿತು. ಶನಿವಾರ ಬಸ್ಸು ಹತ್ತಿ ಕುಮಟಾಕ್ಕೆ ಹೋದೆ. ಅಲ್ಲಿನ ಗುಮಾಸ್ತರು ನಿವೃತ್ತಿಗೆ ಹತ್ತಿರವಾದವರು. ಕಂಪ್ಯೂಟರ್ ಮೇಲೆ ಬಟ್ಟೆ ಹೊದಿಸಿತ್ತು. ಅದರ ಎದುರು ಕಾರ್ಬನ್ ಇಟ್ಟ ಪುಸ್ತಕದಲ್ಲಿ ಅವರು ಪೆನ್ನಿನಿಂದ ಚೀಟಿ ಬರೆಯುತ್ತಿದ್ದರು.

“ಇದು ಯಾವಾಗಿಂದ?” ಎಂದೆ.

“ಅದು ಸಾವಕಾಶ ಆದಾಗಿಂದ. ಸಂಜೆ ಮನಸ್ಸು ಬಂದ್ರೆ ಹತ್ತಿಪ್ಪತ್ತು ಒಳಗೆ ಹಾಕ್ತೆ.”

“ನನಗೆ ಹೇಳಬಾರದಿತ್ತಾ?”

“ಹೇಳಿ ಎಂತ ಆಗೂದು? ಭಟ್ಕಳದ ಕೂಸು ದಿನಾ ಹೇಳ್ತಾ ಇತ್ತಲ್ಲ. ಹೇಳಿದ್ದಕ್ಕೆ ಎಂತ ಸಿಕ್ತು ಅದ್ಕೆ?” ಅವರು ಪೆನ್ನಿನ ಮುಚ್ಚಳ ಹಾಕಿದರು. “ಚಾ ಕುಡೀತ್ಯಾ?”

ಚಹಾ ಕುಡಿದೆ. ಮೂರು ಅಂಕಣಗಳು ಕಣ್ಣೆದುರು ಬಂದವು. ಯಾರು ತೊಂದರೆ ಕೊಡುತ್ತಿದ್ದಾರೆ ಎಂದು ನಾನು ಎಣಿಸಿರಲಿಲ್ಲ. ಯಾರು ಇನ್ನೂ ನನ್ನನ್ನು ನಂಬಿ ಫೋನ್ ಮಾಡುತ್ತಿದ್ದಾರೆ ಎಂದು ಎಣಿಸಿದ್ದೆ.

ಮರುದಿನ ಭಾನುವಾರ. ಮಧ್ಯಾಹ್ನ ಊಟ ಮುಗಿಸಿ ಕರ್ಕಿಯ ಮನೆಯಿಂದ ಸೈಕಲ್ ಮೇಲೆ ಕಚೇರಿಗೆ ಬಂದೆ. ಮೂರೂ ಕಡೆ ಬಾಗಿಲು ಹಾಕಿತ್ತು. ಒಳಕೋಣೆಯಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮ್‌ನ ಹಸಿರು ದೀಪ ಬಿಡುವಿಲ್ಲದೆ ಮಿನುಗುತ್ತಿತ್ತು. ಯಾರೂ ಇಲ್ಲದ ಕಚೇರಿಯಿಂದ ಏನೋ ಹೊರಗೆ ಹೋಗುತ್ತಿತ್ತು.

ಕುರ್ಚಿ ಎಳೆದು ಕುಳಿತೆ. ಪಟ್ಟಿ ತೋರಿಸುವ ಆಜ್ಞೆಯೂ ಒಂದು ಪ್ರೋಗ್ರಾಮ್ ತಾನೆ. ಅದನ್ನೇ ಯಾರಾದರೂ ಬದಲಿಸಿದ್ದರೆ? ಪತ್ರಿಕೆಯ ಸಿಡಿಯಲ್ಲಿ ಅದೇ ಆಜ್ಞೆಯ ಮೂಲ ಪ್ರತಿ ಇತ್ತು. ಸಿಡಿ ಹಾಕಿ ಅದನ್ನು ಓಡಿಸಿದೆ. ಪರದೆ ತುಂಬಿತು. ನಮ್ಮದಲ್ಲದ ಇಪ್ಪತ್ತಕ್ಕೂ ಹೆಚ್ಚು ಪ್ರೋಗ್ರಾಮ್‌ಗಳು ಓಡುತ್ತಿದ್ದವು. ಈಗ ಅವುಗಳ ಮಾಲೀಕ ಅನಿತಾ ಅಲ್ಲ. ರೂಟ್, ಎಂದರೆ ಇಡೀ ಯಂತ್ರದ ಯಜಮಾನ. ಆ ಪಾಸ್‌ವರ್ಡ್ ಇದ್ದದ್ದು ನನ್ನೊಬ್ಬನ ಬಳಿ.

ಆಮೇಲೆ ಲಾಗಿನ್ ಪಟ್ಟಿಯನ್ನು ನನ್ನ ಸ್ಕ್ರಿಪ್ಟ್ ಇಲ್ಲದೆ, ಕತ್ತರಿಸದೆ ತೆರೆದೆ. ಹೆಸರಿನ ಮುಂದಿನ ಅಂಕಣ, ನಾನು ಅಂದಕ್ಕಾಗಿ ಬಿಟ್ಟದ್ದು, ಎಲ್ಲಿಂದ ಬಂದರು ಎಂಬ ವಿಳಾಸದ್ದು. ಅನಿತಾ ಕೆಲಸದ ಹೊತ್ತಿನಲ್ಲಿ ಬಂದದ್ದೆಲ್ಲ ನಮ್ಮ ಕಡೆಯ ಟೆಲಿಫೋನ್ ವಿಳಾಸಗಳಿಂದ. ಬೆಳಗಿನ ಜಾವದ್ದು, ಭಾನುವಾರದ್ದು, ಕಂಬ ಬಿದ್ದ ಮಂಗಳವಾರದ್ದು, ಎಲ್ಲವೂ ನಾನು ಹೆಸರು ಕೂಡ ಸರಿಯಾಗಿ ಉಚ್ಚರಿಸಲಾರದ ದೇಶಗಳಿಂದ.

ಅಡಗಿಸಿಟ್ಟಿದ್ದ ಒಂದು ಫೋಲ್ಡರ್ ಸಿಕ್ಕಿತು. ಅದರಲ್ಲಿ ಹೆಸರುಗಳ ಉದ್ದ ಪಟ್ಟಿ. ನುಗ್ಗಿದವರ ಪ್ರೋಗ್ರಾಮ್ ಆ ಪಟ್ಟಿ ಹಿಡಿದು ಸಿಕ್ಕ ಸಿಕ್ಕ ಸರ್ವರುಗಳ ಬಾಗಿಲು ತಟ್ಟುತ್ತಿತ್ತು: ಇದು ಲಾಗಿನ್, ಇದೇ ಪಾಸ್‌ವರ್ಡ್, ತೆರೆಯುತ್ತದೆಯೋ? ಈಗ ನಮ್ಮ ಯಂತ್ರದಿಂದ ಊರೂರಿನ ಬಾಗಿಲು ತಟ್ಟುವ ಕೆಲಸ ನಡೆದಿತ್ತು. ಸರ್ವರ್ ನಿಧಾನವಾದದ್ದು ಅದರಿಂದ. ಪಟ್ಟಿಯಲ್ಲಿ ನಮ್ಮವರ ಹೆಸರು ಹುಡುಕಿದೆ. ಕುಮಟಾದ ಗುಮಾಸ್ತರ ಹೆಸರು ಗಜಾನನ. ಆ ಪಟ್ಟಿ ಮಾಡಿದವರ ಊರಿನಲ್ಲಿ ಯಾರಿಗೂ ಆ ಹೆಸರು ಇಟ್ಟಿರಲಿಕ್ಕಿಲ್ಲ. ನನ್ನದೂ ಇರಲಿಲ್ಲ. ಅನಿತಾ ಇತ್ತು. ಅದು ಅಲ್ಲಿಯೂ ಹೆಣ್ಣುಮಕ್ಕಳಿಗೆ ಇಡುವ ಹೆಸರು. ಈ ಇಡೀ ವಿಷಯದಲ್ಲಿ ಅವಳ ಪಾಲು ಅಷ್ಟೇ.

ಒಳಗೆ ಬಂದ ಮೇಲೆ ರೂಟ್ ಆದದ್ದು ಹೇಗೆ? ನಮ್ಮ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ ಒಂದು ಹಳೆಯ ದೋಷವಿತ್ತು. ಅದನ್ನು ಮುಚ್ಚುವ ಹೊಸ ಕರ್ನಲನ್ನು ನಾನು ಏಪ್ರಿಲ್‌ನಲ್ಲೇ ಇಳಿಸಿ ಸಿಡಿ ಮಾಡಿ ಡ್ರಾಯರಿನಲ್ಲಿ ಇಟ್ಟಿದ್ದೆ. ಹಾಕಿದರೆ ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಬೇಕಿತ್ತು. ಹಲಗೆಯ ಅಂಕಿ ಸೊನ್ನೆಗೆ ಇಳಿಯುತ್ತಿತ್ತು.

ಬ್ರಾಡ್‌ಬ್ಯಾಂಡ್ ತಂತಿ ಕಿತ್ತೆ. ಹಸಿರು ದೀಪ ಆರಿತು. ಹೊರಗೆ ಹೋಗಿ ಹಲಗೆಯ ಮೂರನೇ ಸಾಲನ್ನು ಅಂಗೈಯಿಂದಲೇ ಒರೆಸಿದೆ.

ಸೋಮವಾರ ಬೆಳಿಗ್ಗೆ ಕಾರ್ಯದರ್ಶಿಗೆ ಎಲ್ಲ ಹೇಳಿದೆ. ಗುರುವಾರ ಸಂಜೆ ಚೀಟಿ ಕೊಡಬೇಕಿತ್ತು, ಶುಕ್ರವಾರ ಬೆಳಿಗ್ಗೆ ಬೋಟುಗಳು ಹೊರಡಬೇಕಿತ್ತು. ನಿಷೇಧ ಮುಗಿದ ಮೊದಲ ದಿನಗಳ ಸಿಗಡಿಯೇ ಅನೇಕರಿಗೆ ವರ್ಷದ ಆಧಾರ.

“ಬೋಟ್ ಬಿಡೂ ಹೊತ್ತಿಗೆ ಮಿಶಿನ್ ಬಿಚ್ಚೂದಾ?” ಎಂದರು. “ಆ ಕಳ್ಳ ಪ್ರೋಗ್ರಾಮ್ ಅಷ್ಟು ನಿಲ್ಸಿ ಹೇಂಗಾರೂ ಸಾಗ್ಸು. ಸೀಸನ್ ಸುರುವಾದ್ಮೇಲೆ ನೋಡ್ವಾ.”

ಹಾಗೆ ಮಾಡಬಹುದಿತ್ತು. ಶುಕ್ರವಾರ ದಾಟಿದರೆ ಯಾರಿಗೂ ತಿಳಿಯದಂತೆ ಸರಿ ಮಾಡಿಕೊಳ್ಳಬಹುದಿತ್ತು. ಹಿಂದಿನ ಇಡೀ ರಾತ್ರಿ ನಾನು ಅದನ್ನೇ ಯೋಚಿಸಿದ್ದೆ ಎಂಬುದನ್ನೂ ಬರೆಯಬೇಕು. ಆದರೆ ಒಮ್ಮೆ ಯಜಮಾನಿಕೆ ಕಳೆದುಕೊಂಡ ಯಂತ್ರದಲ್ಲಿ ಯಾವ ಕಡತವನ್ನೂ ನಂಬುವಂತಿಲ್ಲ. ಪೂರ್ತಿ ಅಳಿಸಿ ಮೊದಲಿನಿಂದ ಕಟ್ಟಬೇಕು ಎಂದೆ. ಅನುಮಾನವಿಲ್ಲದ ಬ್ಯಾಕಪ್ ಇದ್ದದ್ದು ಜೂನ್ ಕೊನೆಯದು. ಆಮೇಲಿನದೆಲ್ಲ ಕಾಗದದಿಂದ ಮತ್ತೆ ಹೊಡೆಯಬೇಕು. ಎಲ್ಲಕ್ಕಿಂತ ಹೆಚ್ಚು ಭಟ್ಕಳದ್ದು.

“ಅದನ್ನು ಯಾರು ಹೊಡೂದು?”

“ಅನಿತಾ ಬಂದರೆ ಆಗುತ್ತದೆ.”

“ನಾನು ನಿಂಗೆ ಖಾತ್ರಿಯಾ ಕೇಳಿದ್ದೆ, ತಮಾ” ಎಂದರು. ಬೈಗುಳ ಅಷ್ಟೇ.

ಬೆಳಕೆಯಲ್ಲಿ ಅವಳ ಮನೆ ಕೇಳಿಕೊಂಡು ಹೋದೆ. ಜಗಲಿಯಲ್ಲಿ ಅವಳ ತಾಯಿ ಒಣಮೀನು ಬೇರೆ ಮಾಡುತ್ತಿದ್ದರು. ಅನಿತಾ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

“ಯಾರೇ ಇದು?” ಎಂದರು ತಾಯಿ.

“ಕಂಪ್ಯೂಟರ್ ಸರ್, ಅವ್ವಿ.”

ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಇಷ್ಟೇ ಇದ್ರಾ? ಮೈಕಿನ ಗಲಾಟಿ ಕೇಳಿ ದೊಡ್ಡವರು ಅಂತ ಮಾಡಿದ್ದೆ.”

ನಿಂತುಕೊಂಡೇ ಎಲ್ಲ ಹೇಳಿದೆ. ಪಾಸ್‌ವರ್ಡ್, ಪಟ್ಟಿ, ಕತ್ತರಿಸಿದ ಅಂಕಣ, ಮಂಗಳವಾರದ ಕಂಬ. ನನ್ನ ಮಾತು ಮುಗಿದ ಮೇಲೆ ಕೇಳಿದಳು:

“ನೀವು ಈಗ ತಪ್ಪಾಯ್ತು ಹೇಳ್ಲಿಕ್ಕೆ ಬಂದ್ರಾ, ಕೆಲಸಕ್ಕೆ ಕರೀಲಿಕ್ಕೆ ಬಂದ್ರಾ?”

“ಎರಡಕ್ಕೂ.”

“ಎರಡೂ ಒಂದೇ ಬಸ್ಸಲ್ಲಿ ಬಂದ್ವಾ?”

ಕೆಲಸದ ಗರಜು ಇಲ್ಲದಿದ್ದರೆ ಆ ಸೋಮವಾರವೇ ಬಸ್ಸು ಹತ್ತುತ್ತಿದ್ದೆನೆ? ಹೌದೆಂದು ಹೇಳಲು ಬಾಯಿ ಬರಲಿಲ್ಲ. ಅವಳು ಅಷ್ಟರಲ್ಲಿ ಪೇಟೆಯ ಒಂದು ಅಂಗಡಿಯಲ್ಲಿ ಬಿಲ್ ಮಾಡುವ ಕೆಲಸ ಕೇಳಿ ಬಂದಿದ್ದಳಂತೆ. ಅಲ್ಲಿನ ಯಜಮಾನರು ನಯವಾಗಿ ಬೇಡ ಎಂದರಂತೆ, ಕಂಪ್ಯೂಟರ್ ಕೆಡಿಸಿದ ಹುಡುಗಿ ಇವಳೇ ಎಂದು ಅವರಿಗೆ ಗೊತ್ತಿತ್ತು.

“ನಾನು ಬಂದು ಚೀಟಿ ಹೊಡ್ದು ಕೊಡ್ತೆ. ಅದು ಬೋಟಿನವ್ರಿಗೆ” ಎಂದಳು. “ನಂಗೆ ನೀವು ಇಲ್ಲಿ ಜಗಲಿ ಮೇಲೆ ಹೇಳಿದ್ದು ಸಾಕಾಗೂದಿಲ್ಲ. ಎಲ್ಲಿ ಹೇಳಿದ್ರೋ ಅಲ್ಲೇ ಹೇಳ್ಬೇಕು.”

“ಕಾರ್ಯದರ್ಶಿಗೆ ಹೇಳ್ತೇನೆ.”

“ಅವ್ರು ಕಾಗದ ನೋಡಿ ಹೇಳಿದ್ದು. ಕಾಗದ ಬರ್ದವ್ರು ಹೇಳ್ಲಿ.”

ಮಂಗಳವಾರ ಬೆಳಿಗ್ಗೆ ತೆಂಗಿನಗುಂಡಿಯ ಮೈಕಿನ ಎದುರು ನಿಂತೆ. ಹೇಳಬೇಕಾದ್ದನ್ನು ಬರೆದುಕೊಂಡು ಹೋಗಿದ್ದೆ. ಅದನ್ನು ಮಡಚಿ ಜೇಬಿಗೆ ಹಾಕಿದೆ. ಕೆಳಗೆ ಬೋಟುಗಳನ್ನು ನೀರಿಗೆ ಇಳಿಸುತ್ತಿದ್ದರು.

“ಹೊನ್ನಾವರ ಕಚೇರಿಯವನು ಮಾತಾಡ್ತಾ ಇದ್ದೇನೆ. ಹೋದ ವಾರ ಇಲ್ಲಿ ಅನಿತಾ ಅವರ ಬಗ್ಗೆ ಹೇಳಿದ್ದು ತಪ್ಪು. ಸಂಘದ ಕಂಪ್ಯೂಟರಿಗೆ ಹೊರಗಿನ ಕಳ್ಳರು ನುಗ್ಗಿದ್ದರು. ಬೀಗ ಹಾಕದೆ ಇಟ್ಟವನು ನಾನು. ಅವರು ಏನೂ ಮಾಡಿಲ್ಲ. ಇವತ್ತಿನಿಂದ ಮತ್ತೆ ಕೆಲಸಕ್ಕೆ ಬಂದಿದ್ದಾರೆ.”

ಒಂದು ಬೋಟಿನ ಮೇಲಿಂದ ದನಿ ಬಂತು: “ಅದೆಲ್ಲಾ ಆತು, ಡೀಸೆಲ್ ಯಾವಾಗ?”

ಎಲ್ಲರೂ ನಕ್ಕರು. ನಾನು ಮೈಕ್ ಆರಿಸಲು ಕೈ ಚಾಚಿದೆ. ಅಷ್ಟರಲ್ಲಿ ದೂರದ ಒಬ್ಬರು ಕೂಗಿದರು: “ಇಂಜಿನ್ ಸದ್ದಲ್ಲಿ ಕೇಳ್ಲಿಲ್ಲ ಮಾರಾಯಾ, ಮತ್ತೊಂದ್ ಸಲ ಹೇಳು!”

ನಾನು ತಿರುಗಿ ನೋಡಿದೆ. ಅನಿತಾ ಚೀಟಿಗಳ ಕಟ್ಟುಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ತಲೆ ಎತ್ತದೆ, “ಹೇಳಿ ಸರ್” ಎಂದಳು.

ಮತ್ತೊಮ್ಮೆ ಹೇಳಿದೆ. ಎರಡನೆಯ ಸಲ ಹೆಚ್ಚು ಕಷ್ಟವಾಯಿತು.

ಅಲ್ಲಿಂದ ಇಬ್ಬರೂ ಹೊನ್ನಾವರದ ಬಸ್ಸು ಹತ್ತಿದೆವು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಕಚೇರಿಯಲ್ಲಿ ಡಿಸ್ಕನ್ನು ಪೂರ್ತಿ ಅಳಿಸಿದೆ. ಲಿನಕ್ಸ್ ಹೊಸದಾಗಿ ಹಾಕಿದೆ. ತಂತಿ ಜೋಡಿಸುವ ಮೊದಲೇ ಡ್ರಾಯರಿನ ಸಿಡಿಯಿಂದ ಆ ಕರ್ನಲ್ ಹಾಕಿ ಯಂತ್ರವನ್ನು ಆರಿಸಿ ಹಚ್ಚಿದೆ. ಒಂದೂವರೆ ನಿಮಿಷದ ಕೆಲಸ. ಅದಕ್ಕಾಗಿ ಇಷ್ಟೆಲ್ಲ. ಬೇಡದ ಸೇವೆಗಳನ್ನೆಲ್ಲ ತೆಗೆದು, ಫೈರ್‌ವಾಲ್‌ನಲ್ಲಿ ಒಂದೇ ಒಂದು ಬಾಗಿಲು ಬಿಟ್ಟೆ. ಶಾಖೆ ಮುಚ್ಚುವ ಹೊತ್ತಿಗೆ ಅದೂ ತಾನಾಗಿ ಮುಚ್ಚಿ ಬೆಳಿಗ್ಗೆ ತೆರೆಯುವಂತೆ ಮಾಡಿದೆ. ರೂಟ್ ಹೆಸರಿನಲ್ಲಿ ಹೊರಗಿನಿಂದ ಯಾರೂ ಬರುವಂತಿಲ್ಲ, ನಾನೂ ಕೂಡ. ಮೂರು ಸಲ ತಪ್ಪು ಪಾಸ್‌ವರ್ಡ್ ಹೊಡೆದವರಿಗೆ ಬಾಗಿಲು ಬಂದ್. ಲಾಗಿನ್ ವರದಿಯನ್ನು ಅಡ್ಡ ಕಾಗದದಲ್ಲಿ, ಎಲ್ಲ ಅಂಕಣಗಳೊಡನೆ ಮುದ್ರಿಸುವಂತೆ ಬದಲಿಸಿದೆ. ನೋಡಲು ಚಂದವಿಲ್ಲ. ಪ್ರತಿ ಭಾನುವಾರ ಹೊಸ ದುರಸ್ತಿಗಳನ್ನು ಹಾಕಿ ಯಂತ್ರವನ್ನು ನಿಲ್ಲಿಸಿ ಮತ್ತೆ ಶುರು ಮಾಡುವುದು ಎಂದು ಡೈರಿಯ ಮೊದಲ ಪುಟದಲ್ಲಿ ಬರೆದೆ.

ಪಕ್ಕದ ಮೇಜಿನಲ್ಲಿ ಅನಿತಾ ತನ್ನ ಚೀಟಿಗಳನ್ನು ಹೊಡೆಯುತ್ತಿದ್ದಳು. ಬೋಟುಗಳ ನೋಂದಣಿ ಸಂಖ್ಯೆ ಅವಳಿಗೆ ನೋಡದೆಯೇ ಬರುತ್ತಿತ್ತು. ಬುಧವಾರ ಕುಮಟಾದ ಗುಮಾಸ್ತರೂ ತಮ್ಮ ಕಾರ್ಬನ್ ಪುಸ್ತಕ ಹಿಡಿದು ಬಂದರು. ಅವಳನ್ನು ಕಂಡು “ಬಂದ್ಯಾ ತಂಗಿ? ಲಾಯಕಾತು” ಎಂದು ತಮ್ಮ ಕಟ್ಟನ್ನೂ ಅವಳ ಕಡೆ ಸರಿಸಿದರು. ಅವಳು ಅದನ್ನು ಹಾಗೆಯೇ ನನ್ನ ಕಡೆ ಸರಿಸಿದಳು. ನಾನು ಹೊಡೆದೆ. ಎರಡು ದಿನದಲ್ಲಿ ಅವಳು ನನ್ನೊಡನೆ ಆಡಿದ ಮಾತೆಲ್ಲ ಬೋಟಿನ ಸಂಖ್ಯೆಗಳೇ. ಸರ್ ಎನ್ನುವುದನ್ನು ಬಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚುತ್ತಿತ್ತು.

ಗುರುವಾರ ಹೊಸ ಪಾಸ್‌ವರ್ಡ್ ಹಾಕಿಸಲು ನಾನೇ ಶಾಖೆಗಳಿಗೆ ಹೋದೆ. ಕುಮಟಾ ಮುಗಿಸಿ ಮಧ್ಯಾಹ್ನ ತೆಂಗಿನಗುಂಡಿ ತಲುಪಿದಾಗ ಶಾಖೆಯ ಹೊರಗೆ ಸಾಲು ಬಂಕಿನವರೆಗೆ ಇತ್ತು. ಅನಿತಾ ಕಂಪ್ಯೂಟರ್ ಎದುರು ಕುಳಿತಿದ್ದಳು. ಪಾಸ್‌ವರ್ಡ್ ಬದಲಿಸುವುದು ಹೇಗೆಂದು ತೋರಿಸಿದೆ, ಮಾರ್ಚ್‌ನಲ್ಲಿ ತೋರಿಸಬೇಕಾಗಿದ್ದದ್ದನ್ನು.

“ನಿಮ್ಮ ಹೆಸರು ಬೇಡ. ಮನೆಯವರ ಹೆಸರೂ ಬೇಡ. ಅಂಕಿ ಸೇರಿಸಿ, ಉದ್ದ ಇರಲಿ” ಎಂದೆ.

“ಯಾರಿಗೂ ಹೇಳ್ಬಾರ್ದು ಅಲ್ದಾ?”

“ಯಾರಿಗೂ ಹೇಳಬಾರದು.”

“ಹಾಂಗಾರೆ ನೀವು ಆಚೆ ಮುಖ ಮಾಡಿ.”

ಸಾಲಿನಲ್ಲಿ ಮುಂದೆ ನಿಂತವರು ನಕ್ಕರು. ನಾನು ಗೋಡೆಯ ಕಡೆ ತಿರುಗಿದೆ. ಹಿಂದೆ ಕೀಲಿಗಳ ಸದ್ದು ಶುರುವಾಯಿತು. ಎಣಿಸುವುದು ನನ್ನ ಚಾಳಿ. ನನಗೆ ತಿಳಿಯದೆಯೇ ಒಂದು, ಎರಡು, ಮೂರು ಎನ್ನುತ್ತಿದ್ದೆ. ಆರಕ್ಕೆ ಬಂದಾಗ ಎಚ್ಚರವಾಯಿತು. ಕಿವಿಯನ್ನು ಹೊರಗಿನ ಇಂಜಿನ್‌ಗಳ ಕಡೆ ಕೊಟ್ಟು ಲೆಕ್ಕ ತಪ್ಪಿಸಿಕೊಂಡೆ.

“ಆತು” ಎಂದಳು. ಪ್ರಿಂಟರ್ ಚೀಟಿ ಹೊಡೆಯತೊಡಗಿತು.